ಉಳಿಯುವ ಉದ್ಯೋಗ: ಇಥಿಯೋಪಿಯಾದ ಎರಡು ದಶಕಗಳ ಪಾಠ

ಆಫ್ರಿಕಾದಲ್ಲಿ ನೈಜೀರಿಯಾವನ್ನು ಬಿಟ್ಟರೆ ಅತಿ ಹೆಚ್ಚು ಜನಸಂಖ್ಯೆಯಿರುವ ದೇಶ ಇಥಿಯೋಪಿಯಾ. 12 ಕೋಟಿಗೂ ಮಿಕ್ಕ ಜನರಿರುವ ಈ ದೇಶದಲ್ಲಿ ಪ್ರತಿ ವರ್ಷ ಸುಮಾರು 20 ಲಕ್ಷ ಯುವಜನರು ದುಡಿಯುವ ವಯಸ್ಸಿಗೆ ಬಂದು ಕೆಲಸ ಹುಡುಕಲು ತೊಡಗುತ್ತಾರೆ. ಇಷ್ಟು ಕೈಗಳಿಗೆ ಕೆಲಸ ಒದಗಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ಸಮುದ್ರತೀರವಿಲ್ಲದ, ಮಳೆಯನ್ನೇ ನಂಬಿದ ಬೇಸಾಯದ, ಡಾಲರಿಗೆ ಸದಾ ಬರವಿರುವ ದೇಶಕ್ಕಂತೂ ಅದು ಅಳಿವು ಉಳಿವಿನ ಪ್ರಶ್ನೆಯೇ ಆಗಿದೆ. ಕಳೆದ ಎರಡು ದಶಕಗಳಲ್ಲಿ ಈ ಸವಾಲಿಗೆ ಉತ್ತರ ಕಾಣಲು ಇಥಿಯೋಪಿಯಾ ಮಾಡಿದಷ್ಟು ಬಗೆಬಗೆಯ ಪ್ರಯೋಗಗಳನ್ನು ಆಫ್ರಿಕಾದ ಕೆಲವೇ ದೇಶಗಳು ಮಾಡಿವೆ. ಕೈಗಾರಿಕಾ ಪಾರ್ಕುಗಳು, ಹೂವಿನ ರಫ್ತು, ಕಲ್ಲು ಹಾಸಿನ ಬೀದಿಗಳು, ಕೂಲಿಗಾಗಿ ಕಾಳು, ಹೊಸ ವಿಶ್ವವಿದ್ಯಾಲಯಗಳು ಹೀಗೆ ಒಂದರ ಹಿಂದೊಂದು ಬಂದ ಈ ಪ್ರಯೋಗಗಳಲ್ಲಿ ಕೆಲವು ಗೆದ್ದವು, ಕೆಲವು ಅರ್ಧಕ್ಕೆ ನಿಂತವು, ಕೆಲವು ಕಣ್ಣೆದುರೇ ಕುಸಿದವು. ಅವುಗಳನ್ನು ಒಟ್ಟಾಗಿ ಇಟ್ಟು ನೋಡಿದಾಗ ಕಾಣುವ ಸತ್ಯ ಒಂದೇ: ಎಷ್ಟು ಉದ್ಯೋಗ ಸೃಷ್ಟಿಯಾಯಿತು ಎಂಬ ಲೆಕ್ಕಕ್ಕಿಂತ, ಸೃಷ್ಟಿಯಾದ ಉದ್ಯೋಗದಲ್ಲಿ ದುಡಿಯುವವರು ಉಳಿಯುವಂತಿದೆಯೇ, ಆ ಉದ್ಯೋಗ ತಾನೇ ದೇಶದಲ್ಲಿ ಉಳಿಯುವಂತಿದೆಯೇ ಎಂಬ ಪ್ರಶ್ನೆ ದೊಡ್ಡದು.

ಅಂಕಿಯಲ್ಲಿ ಕಾಣದ ನಿರುದ್ಯೋಗ

ನಿರುದ್ಯೋಗ ದರ ಎಂದರೆ ಕೆಲಸ ಮಾಡಲು ಸಿದ್ಧರಿದ್ದು, ಕೆಲಸವನ್ನು ಹುಡುಕುತ್ತಿದ್ದು, ಅದು ಸಿಗದಿರುವವರ ಪ್ರಮಾಣ. ಇಥಿಯೋಪಿಯಾದ ಅಂಕಿಅಂಶ ಇಲಾಖೆ 2021ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಇಡೀ ದೇಶದಲ್ಲಿ ಈ ದರ ಸುಮಾರು ಶೇ. 8, ಪಟ್ಟಣ ಪ್ರದೇಶಗಳಲ್ಲಿ ಸುಮಾರು ಶೇ. 19. ಮೇಲುನೋಟಕ್ಕೆ ಹಳ್ಳಿಗಳ ಸ್ಥಿತಿ ಉತ್ತಮವಾಗಿದೆ ಎನ್ನಿಸುತ್ತದೆ. ವಾಸ್ತವ ಅದಕ್ಕೆ ತದ್ವಿರುದ್ಧ. ನಿರುದ್ಯೋಗ ಭತ್ಯೆಯಿಲ್ಲದ, ಉಳಿತಾಯವಿಲ್ಲದ ಸಮಾಜದಲ್ಲಿ ಬಡವರಿಗೆ ನಿರುದ್ಯೋಗಿಗಳಾಗಿ ಕೂರುವ ಅನುಕೂಲವೇ ಇರುವುದಿಲ್ಲ. ಹೊಲದಲ್ಲಿ ಅಣ್ಣತಮ್ಮಂದಿರ ಜೊತೆ ಅರೆಹೊತ್ತು ದುಡಿಯುವವನೂ, ರಸ್ತೆ ಬದಿಯಲ್ಲಿ ನಾಲ್ಕು ಕಟ್ಟು ಸೊಪ್ಪು ಮಾರುವವಳೂ, ಶೂ ಪಾಲಿಶ್ ಮಾಡುವ ಹುಡುಗನೂ ಸಮೀಕ್ಷೆಯ ಪುಸ್ತಕದಲ್ಲಿ ‘ಉದ್ಯೋಗಸ್ಥ’ರೇ ಆಗುತ್ತಾರೆ. ಅರ್ಥಶಾಸ್ತ್ರದಲ್ಲಿ ಇದನ್ನು ಅರೆ ಉದ್ಯೋಗ ಎನ್ನುತ್ತಾರೆ: ಕೆಲಸವಿದೆ, ಆದರೆ ಅದು ದಿನ ತುಂಬುವಷ್ಟಿಲ್ಲ ಅಥವಾ ಹೊಟ್ಟೆ ತುಂಬುವಷ್ಟಿಲ್ಲ. ಇಥಿಯೋಪಿಯಾದ ನಿಜವಾದ ಸಮಸ್ಯೆ ಇದು. ಪಟ್ಟಣಗಳಲ್ಲಿ ಕಾಣುವ ಬಹಿರಂಗ ನಿರುದ್ಯೋಗ, ಅಂದರೆ ಓದು ಮುಗಿಸಿ ಮನೆಯವರ ಆಸರೆಯಲ್ಲಿ ಕೆಲಸಕ್ಕಾಗಿ ಕಾಯುವ ಯುವಕ ಯುವತಿಯರ ನಿರುದ್ಯೋಗ, ಆ ಸಮಸ್ಯೆಯ ಒಂದು ಭಾಗ ಮಾತ್ರ.

ಬೆಳವಣಿಗೆ ಆಗಲಿಲ್ಲವೆಂದಲ್ಲ. 2004ರಿಂದ ಸುಮಾರು ಒಂದೂವರೆ ದಶಕ ಇಥಿಯೋಪಿಯಾದ ಆರ್ಥಿಕತೆ ವರ್ಷಕ್ಕೆ ಸರಾಸರಿ ಶೇ. 9ಕ್ಕೂ ಹೆಚ್ಚು ವೇಗದಲ್ಲಿ ಬೆಳೆಯಿತು, 2000ದಲ್ಲಿ ಶೇ. 44ರಷ್ಟಿದ್ದ ಬಡತನದ ಪ್ರಮಾಣ 2016ರ ಹೊತ್ತಿಗೆ ಶೇ. 24ಕ್ಕೆ ಇಳಿಯಿತು. 1984-85ರ ಭೀಕರ ಕ್ಷಾಮದಿಂದ ಜಗತ್ತಿಗೆ ಪರಿಚಿತವಾಗಿದ್ದ ನಾಡಿಗೆ ಇದು ಸಣ್ಣ ಸಾಧನೆಯಲ್ಲ. ಆದರೆ ಆ ಬೆಳವಣಿಗೆಯ ಬಹುಪಾಲು ರಸ್ತೆ, ಅಣೆಕಟ್ಟು, ರೈಲು, ವಸತಿ ಸಮುಚ್ಚಯ ಮುಂತಾದ ಸರ್ಕಾರಿ ಹೂಡಿಕೆಯಿಂದಲೂ ಬೇಸಾಯದಲ್ಲಾದ ಸುಧಾರಣೆಯಿಂದಲೂ ಬಂತು. ದುಡಿಯುವ ಜನರು ಹೊಲದಿಂದ ಕಾರ್ಖಾನೆಗೆ, ಕಡಿಮೆ ಉತ್ಪಾದಕತೆಯ ಕೆಲಸದಿಂದ ಹೆಚ್ಚು ಉತ್ಪಾದಕತೆಯ ಕೆಲಸಕ್ಕೆ ಸಾಗುವ ಪ್ರಕ್ರಿಯೆಗೆ ರಚನಾತ್ಮಕ ಪರಿವರ್ತನೆ ಎಂದು ಹೆಸರು. ಚೀನಾ, ವಿಯೆಟ್ನಾಂಗಳಲ್ಲಿ ನಡೆದ ಈ ಪರಿವರ್ತನೆ ಇಥಿಯೋಪಿಯಾದಲ್ಲಿ ನಿರೀಕ್ಷಿಸಿದಷ್ಟು ನಡೆಯಲಿಲ್ಲ. ಇಂದಿಗೂ ದುಡಿಯುವವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಬೇಸಾಯವನ್ನೇ ನೆಚ್ಚಿಕೊಂಡಿದ್ದಾರೆ.

ನೆಲ ಹಿಗ್ಗದು, ಮನೆ ಹಿಗ್ಗುತ್ತದೆ

1975ರ ಭೂಸುಧಾರಣೆಯಲ್ಲಿ ಜಮೀನ್ದಾರಿ ಪದ್ಧತಿಯನ್ನು ತೊಡೆದುಹಾಕಿದ ಇಥಿಯೋಪಿಯಾದಲ್ಲಿ ಭೂಮಿಯ ಒಡೆತನ ರಾಜ್ಯಕ್ಕೂ ಜನತೆಗೂ ಸೇರಿದ್ದು, ರೈತನಿಗೆ ಉಳುಮೆಯ ಹಕ್ಕಿದೆಯೇ ಹೊರತು ಮಾರುವ ಹಕ್ಕಿಲ್ಲ. 1995ರ ಸಂವಿಧಾನವೂ ಇದನ್ನೇ ಎತ್ತಿಹಿಡಿಯಿತು. ಇದರಿಂದ ಬಡ ರೈತರ ನೆಲ ಸಾಲ ಕೊಟ್ಟವರ ಪಾಲಾಗುವುದು ತಪ್ಪಿತು. ಆದರೆ ಪ್ರತಿ ತಲೆಮಾರಿನಲ್ಲೂ ಹಿಡುವಳಿ ಹಂಚಿಹೋಗಿ, ಎತ್ತರದ ಪ್ರದೇಶಗಳ ಹಲವೆಡೆ ಒಂದು ಕುಟುಂಬಕ್ಕೆ ಒಂದು ಹೆಕ್ಟೇರೂ ಉಳಿದಿಲ್ಲ. ಹೀಗಾಗಿ ಹಳ್ಳಿಯ ಯುವಕನಿಗೆ ಅಪ್ಪನ ಹೊಲ ಜೀವನಾಧಾರವಾಗಿ ಉಳಿದಿಲ್ಲ. ಅವನು ಪಟ್ಟಣ ಸೇರದೆ ಗತ್ಯಂತರವಿಲ್ಲ.

ಇಷ್ಟಾದರೂ ಉದ್ಯೋಗದ ಪ್ರಶ್ನೆಯಲ್ಲಿ ಬೇಸಾಯವನ್ನು ಬದಿಗೊತ್ತುವಂತಿಲ್ಲ ಎಂಬುದಕ್ಕೆ ಕಾಫಿಯೇ ಸಾಕ್ಷಿ. ಅರೇಬಿಕಾ ಕಾಫಿಯ ತವರು ಇಥಿಯೋಪಿಯಾ. ಅಲ್ಲಿಂದ ಯೆಮನ್‌ಗೆ ಹೋದ ಬೆಳೆಯೇ ಬಾಬಾ ಬುಡನ್‌ ಅವರ ಮೂಲಕ ಚಿಕ್ಕಮಗಳೂರಿನ ಗಿರಿಗಳಿಗೆ ಬಂತೆಂಬುದು ಕನ್ನಡಿಗರಿಗೆ ಗೊತ್ತಿರುವ ಪರಂಪರೆ. ಆಫ್ರಿಕಾದ ಅತಿದೊಡ್ಡ ಕಾಫಿ ಉತ್ಪಾದಕ ದೇಶವಾದ ಇಥಿಯೋಪಿಯಾದಲ್ಲಿ ಲಕ್ಷಾಂತರ ಸಣ್ಣ ಹಿಡುವಳಿದಾರರು ಕಾಫಿಯನ್ನು ಬೆಳೆಯುತ್ತಾರೆ. ಹಣ್ಣು ಕೊಯ್ಯುವುದು, ತೊಳೆಯುವುದು, ಎತ್ತರದ ಅಟ್ಟಣೆಗಳ ಮೇಲೆ ಹರಡಿ ಗಂಟೆಗೊಮ್ಮೆ ಕೈಯಾಡಿಸುತ್ತ ಒಣಗಿಸುವುದು, ಕೊನೆಗೆ ಉಗ್ರಾಣಗಳಲ್ಲಿ ಸಾಲಾಗಿ ಕುಳಿತ ಹೆಂಗಸರು ಕಪ್ಪಾದ, ಒಡೆದ, ಹುಳು ತಿಂದ ಬೀಜಗಳನ್ನು ಒಂದೊಂದಾಗಿ ಆರಿಸಿ ತೆಗೆಯುವುದು ಹೀಗೆ ಒಂದು ಮೂಟೆ ಕಾಫಿ ಬಂದರು ಮುಟ್ಟುವ ಮುನ್ನ ನೂರಾರು ಕೈ ದಾಟುತ್ತದೆ. 2008ರಲ್ಲಿ ಅರ್ಥಶಾಸ್ತ್ರಜ್ಞೆ ಎಲೆನಿ ಗೇಬ್ರೆಮದಿನ್ ಅವರ ಮುಂದಾಳತ್ವದಲ್ಲಿ ಸ್ಥಾಪನೆಯಾದ ಇಥಿಯೋಪಿಯಾ ಸರಕು ವಿನಿಮಯ ಕೇಂದ್ರವು ರೈತನಿಗೆ ಮಾರುಕಟ್ಟೆಯ ಬೆಲೆ ತಿಳಿಯುವಂತೆ, ಮಾರಿದ ಮಾಲಿಗೆ ಹಣ ಬೇಗ ಸಿಗುವಂತೆ ಮಾಡಲು ಯತ್ನಿಸಿತು. ಹಸಿರು ಬೀಜವನ್ನೇ ರಫ್ತು ಮಾಡುವ ಬದಲು ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿ ಮಾರಿದರೆ ಅದೇ ಬೆಳೆಯಿಂದ ಇನ್ನಷ್ಟು ಕೆಲಸ ಹುಟ್ಟುತ್ತದೆ. ಇದನ್ನೇ ಮೌಲ್ಯವರ್ಧನೆ ಎನ್ನುವುದು. ಈ ಹಾದಿಯಲ್ಲಿ ಇಥಿಯೋಪಿಯಾ ಕ್ರಮಿಸಿರುವುದು ಇನ್ನೂ ಸ್ವಲ್ಪವೇ ದೂರ.

ಹವಾಸ್ಸಾದ ಏಳು ಬೀಳು

ಮೆಲೆಸ್ ಜೆನಾವಿ ಪ್ರಧಾನಿಯಾಗಿದ್ದಾಗ ರೂಪುಗೊಂಡ ಕೈಗಾರಿಕಾ ನೀತಿ ಪೂರ್ವ ಏಷ್ಯಾದ ದಾರಿಯನ್ನು ಅನುಸರಿಸಿತು: ಅಗ್ಗದ ಕೂಲಿ, ಅಗ್ಗದ ಜಲವಿದ್ಯುತ್ ಮತ್ತು ಸರ್ಕಾರದ ಬಲವಾದ ಬೆಂಬಲವನ್ನು ಮುಂದಿಟ್ಟು ವಿದೇಶಿ ಕಂಪನಿಗಳನ್ನು ಕರೆತರುವುದು, ಅವುಗಳ ಮೂಲಕ ಸಾಮೂಹಿಕ ಉದ್ಯೋಗ ಮತ್ತು ರಫ್ತಿನ ಡಾಲರ್ ಎರಡನ್ನೂ ಗಳಿಸುವುದು. ಇದಕ್ಕಾಗಿ 2014ರಲ್ಲಿ ಕೈಗಾರಿಕಾ ಪಾರ್ಕುಗಳ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ರಾಜಧಾನಿ ಆಡಿಸ್ ಅಬಾಬದಿಂದ ದಕ್ಷಿಣಕ್ಕೆ ಸುಮಾರು 275 ಕಿಲೋಮೀಟರ್ ದೂರದ ಸರೋವರ ನಗರ ಹವಾಸ್ಸಾದಲ್ಲಿ ಚೀನಾದ ಸರ್ಕಾರಿ ನಿರ್ಮಾಣ ಸಂಸ್ಥೆಯೊಂದು ಒಂದು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಕಟ್ಟಿದ ಪಾರ್ಕ್ 2016ರ ಜುಲೈನಲ್ಲಿ ಉದ್ಘಾಟನೆಗೊಂಡಿತು. ಸಾಲುಸಾಲು ಶೆಡ್ಡುಗಳು, ಬಣ್ಣ ಹಾಕಿದ ನೀರನ್ನು ಶುದ್ಧಗೊಳಿಸಿ ಮರುಬಳಸುವ ಘಟಕ, ಒಳಗೇ ಬ್ಯಾಂಕು ಮತ್ತು ಕಸ್ಟಮ್ಸ್ ಕಚೇರಿ ಎಲ್ಲವೂ ಅಲ್ಲಿದ್ದವು. ಕ್ಯಾಲ್ವಿನ್ ಕ್ಲೈನ್, ಟಾಮಿ ಹಿಲ್‌ಫಿಗರ್ ಬ್ರ್ಯಾಂಡುಗಳ ಒಡೆತನವಿದ್ದ ಅಮೆರಿಕದ ಪಿವಿಎಚ್ ಕಂಪನಿ ಬಂದಿತು. ಭಾರತದ ರೇಮಂಡ್ ಸಮೂಹವೂ ಅಲ್ಲಿ ಸೂಟು ಹೊಲಿಯುವ ಘಟಕ ತೆರೆಯಿತು. 60 ಸಾವಿರ ಜನರಿಗೆ ಕೆಲಸ ಕೊಡುವುದು ಗುರಿಯಾಗಿತ್ತು. ಕೆಲವೇ ವರ್ಷಗಳಲ್ಲಿ ಸುಮಾರು 30 ಸಾವಿರ ಜನ ಅಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಸುತ್ತಲಿನ ಸಿದಾಮಾ ಪ್ರಾಂತ್ಯದ ಹಳ್ಳಿಗಳಿಂದ ಬಂದ ಯುವತಿಯರು, ಬಹುತೇಕರಿಗೆ ಅದೇ ಜೀವನದ ಮೊದಲ ಸಂಬಳದ ಕೆಲಸ.

ಆ ಸಂಬಳವೇ ಪಾರ್ಕಿನ ಮೊದಲ ಬಿರುಕಾಯಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೇಂದ್ರವೊಂದು 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಲ್ಲಿ ಹೊಸಬರ ಮೂಲ ವೇತನ ತಿಂಗಳಿಗೆ 26 ಡಾಲರ್. ಬಾಂಗ್ಲಾದೇಶದಲ್ಲಿ ಆಗ ಗಾರ್ಮೆಂಟ್ಸ್ ಕೆಲಸಗಾರರ ಕನಿಷ್ಠ ವೇತನ 95 ಡಾಲರಿನಷ್ಟಿತ್ತು. ಖಾಸಗಿ ವಲಯಕ್ಕೆ ಅನ್ವಯಿಸುವ ಕನಿಷ್ಠ ವೇತನದ ಕಾನೂನು ಇಥಿಯೋಪಿಯಾದಲ್ಲಿ ಇರಲಿಲ್ಲ. ಹಳ್ಳಿಯಿಂದ ಬಂದ ಹುಡುಗಿಯರು ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಸೇರಿ ಬಾಡಿಗೆ ಹಂಚಿಕೊಂಡರೂ, ಊಟಕ್ಕೂ ಬಾಡಿಗೆಗೂ ಕೊಟ್ಟ ಮೇಲೆ ಮನೆಗೆ ಕಳಿಸಲು ಏನೂ ಉಳಿಯುತ್ತಿರಲಿಲ್ಲ. ಸಾವಿರಾರು ಜನ ಒಮ್ಮೆಲೇ ಬಂದಿದ್ದರಿಂದ ನಗರದ ಬಾಡಿಗೆಯೂ ಏರಿತು. ಪರಿಣಾಮವಾಗಿ ಕೆಲಸಕ್ಕೆ ಸೇರಿದಷ್ಟೇ ವೇಗದಲ್ಲಿ ಜನ ಬಿಟ್ಟು ಹೋಗತೊಡಗಿದರು. ಒಂದು ವರ್ಷದಲ್ಲಿ ಹೊರನಡೆದವರ ಸಂಖ್ಯೆ ಕಾರ್ಖಾನೆಯ ಒಟ್ಟು ಕೆಲಸಗಾರರ ಸಂಖ್ಯೆಯಷ್ಟೇ ಇತ್ತೆಂದು ಅದೇ ವರದಿ ದಾಖಲಿಸಿದೆ. ಹೊಲಿಗೆ ಯಂತ್ರದ ಮುಂದೆ ಕುಳಿತು ಕೈ ಪಳಗುವ ಹೊತ್ತಿಗೆ ಕೆಲಸಗಾರ್ತಿ ಹೊರಟುಹೋದರೆ ತರಬೇತಿಗೆ ಸುರಿದ ಹಣ ವ್ಯರ್ಥವಾಗುತ್ತದೆ, ಉತ್ಪಾದಕತೆ ಏರುವುದಿಲ್ಲ, ಉತ್ಪಾದಕತೆ ಏರದೆ ಸಂಬಳ ಏರಿಸಲು ಮಾಲೀಕರು ಒಪ್ಪುವುದಿಲ್ಲ. ಅಗ್ಗದ ಕೂಲಿ ಎಂಬ ಆಕರ್ಷಣೆಯೇ ಹೀಗೆ ಬಿಡಿಸಲಾಗದ ಗಂಟಾಯಿತು.

ಎರಡನೆಯ ಬಿರುಕು ಇನ್ನೂ ಆಳದ್ದು. ಒಂದು ಕೈಗಾರಿಕೆ ತನಗೆ ಬೇಕಾದ ಕಚ್ಚಾವಸ್ತುವನ್ನು, ಬಿಡಿಭಾಗಗಳನ್ನು ಸ್ಥಳೀಯರಿಂದಲೇ ಕೊಂಡಾಗ ಹುಟ್ಟುವ ಸಂಬಂಧಕ್ಕೆ ಹಿಂಬದಿಯ ಕೊಂಡಿ ಎನ್ನುತ್ತಾರೆ. ಬಟ್ಟೆ ಹೊಲಿಯುವ ಕಾರ್ಖಾನೆಯ ಹಿಂದೆ ನೂಲಿನ ಗಿರಣಿ, ಅದರ ಹಿಂದೆ ಹತ್ತಿಯ ಹೊಲ, ಪಕ್ಕದಲ್ಲಿ ಗುಂಡಿ, ಜಿಪ್ಪು, ರಟ್ಟಿನ ಪೆಟ್ಟಿಗೆ ತಯಾರಿಸುವವರು ಇದ್ದರೆ ಒಂದು ಉದ್ಯೋಗದ ಬೆನ್ನಿಗೆ ಇನ್ನೂ ಎರಡು ಮೂರು ಉದ್ಯೋಗ ಹುಟ್ಟುತ್ತವೆ. ಆವಾಶ್ ನದಿಯ ಕಣಿವೆಯಲ್ಲಿ ಹತ್ತಿ ಬೆಳೆಯುವ ದೇಶವಾಗಿದ್ದರೂ ಇಥಿಯೋಪಿಯಾದ ಪಾರ್ಕುಗಳಿಗೆ ಬಟ್ಟೆಯಿಂದ ದಾರದವರೆಗೆ ಬಹುತೇಕ ಎಲ್ಲವೂ ಹೊರದೇಶದಿಂದ ಬರುತ್ತಿತ್ತು. 1993ರಲ್ಲಿ ಎರಿಟ್ರಿಯಾ ಸ್ವತಂತ್ರವಾದ ಮೇಲೆ ಇಥಿಯೋಪಿಯಾಕ್ಕೆ ಸ್ವಂತ ಬಂದರಿಲ್ಲ. ಜಿಬೂಟಿಯ ಬಂದರನ್ನು ತಲುಪಲು 750 ಕಿಲೋಮೀಟರಿನಷ್ಟು ಉದ್ದದ ವಿದ್ಯುತ್ ರೈಲು ಮಾರ್ಗವನ್ನು ಚೀನಾದ ಸಾಲದಿಂದ ಕಟ್ಟಲಾಯಿತು. ಹೀಗೆ ಬಂದ ಬಟ್ಟೆ ಹೊಲಿಗೆಯಾಗಿ ಅದೇ ದಾರಿಯಲ್ಲಿ ಮರಳಿ ಹೋಗುತ್ತಿತ್ತು. ನಾಡಿಗೆ ಉಳಿಯುತ್ತಿದ್ದುದು ಹೊಲಿಗೆಯ ಕೂಲಿ ಮಾತ್ರ.

ಬೇರಿಲ್ಲದ ಈ ಉದ್ಯೋಗಗಳನ್ನು ಬಿರುಗಾಳಿ ಅಲುಗಾಡಿಸಲು ತಡವಾಗಲಿಲ್ಲ. ಆಫ್ರಿಕಾದ ಬಡ ದೇಶಗಳ ಸರಕಿಗೆ ಸುಂಕವಿಲ್ಲದ ಪ್ರವೇಶ ನೀಡಲು ಅಮೆರಿಕ 2000ದಲ್ಲಿ ತಂದ ‘ಅಗೋವಾ’ ಕಾನೂನು ಈ ಕಾರ್ಖಾನೆಗಳ ಜೀವಾಳವಾಗಿತ್ತು. 2020ರ ನವೆಂಬರಿನಲ್ಲಿ ಟಿಗ್ರಾಯ್ ಪ್ರಾಂತ್ಯದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಮರುವರ್ಷ ಪಿವಿಎಚ್ ತನ್ನ ಘಟಕವನ್ನು ಮುಚ್ಚಿತು. ಮಾನವ ಹಕ್ಕುಗಳ ಉಲ್ಲಂಘನೆಯ ಕಾರಣ ನೀಡಿ ಅಮೆರಿಕ 2022ರ ಜನವರಿ 1ರಿಂದ ಇಥಿಯೋಪಿಯಾವನ್ನು ಅಗೋವಾದಿಂದ ಕೈಬಿಟ್ಟಿತು. ಯುದ್ಧದಲ್ಲಿ ಎಳ್ಳಷ್ಟೂ ಪಾಲಿಲ್ಲದ ಸಾವಿರಾರು ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡು ಹಳ್ಳಿಗೆ ಮರಳಿದರು. 2022ರ ನವೆಂಬರಿನಲ್ಲಿ ಪ್ರಿಟೋರಿಯಾದಲ್ಲಿ ಶಾಂತಿ ಒಪ್ಪಂದವಾಯಿತಾದರೂ ಹೋದ ಖರೀದಿದಾರರು ಹಾಗೆಯೇ ಹಿಂದಿರುಗಲಿಲ್ಲ.

ಹೂವು ಬೇರೂರಿದ ಬಗೆ

ಇದೇ ದೇಶದಲ್ಲಿ, ಇದೇ ಅವಧಿಯಲ್ಲಿ ಬೆಳೆದ ಇನ್ನೊಂದು ಉದ್ಯಮ ಅದೇ ಬಿರುಗಾಳಿಯಲ್ಲಿ ಬೀಳದೆ ನಿಂತಿತು. 2000ದ ಸುಮಾರಿಗೆ ಬೆರಳೆಣಿಕೆಯ ತೋಟಗಳಿಂದ ಆರಂಭವಾದ ಗುಲಾಬಿ ಕೃಷಿ ಇಂದು ಇಥಿಯೋಪಿಯಾವನ್ನು ಕೀನ್ಯಾದ ನಂತರ ಆಫ್ರಿಕಾದ ಎರಡನೆಯ ಅತಿದೊಡ್ಡ ಹೂ ರಫ್ತುದಾರ ದೇಶವನ್ನಾಗಿ ಮಾಡಿದೆ. ಹೂವು, ಹಣ್ಣು, ತರಕಾರಿ ಸೇರಿದ ತೋಟಗಾರಿಕೆ ರಫ್ತು ಈಚಿನ ವರ್ಷಗಳಲ್ಲಿ 50 ಕೋಟಿ ಡಾಲರ್ ದಾಟಿದೆ. ಹೊಲೆಟಾ, ಸೆಬೆಟಾ, ಜಿವಾಯ್ ಸರೋವರದ ದಂಡೆ ಮುಂತಾದ ಎತ್ತರದ ತಾಣಗಳ ತಂಪು ರಾತ್ರಿ ಮತ್ತು ಬಿಸಿಲು ತುಂಬಿದ ಹಗಲು ಗುಲಾಬಿಗೆ ಹೇಳಿ ಮಾಡಿಸಿದಂತಿವೆ. ಬೆಳಗಿನ ಜಾವ ಪಾಲಿಹೌಸಿನೊಳಗೆ ಕತ್ತರಿ ಹಿಡಿದ ಹೆಂಗಸರು ಅರೆ ಬಿರಿದ ಮೊಗ್ಗನ್ನು ಗುರುತಿಸಿ ಕೊಯ್ಯುತ್ತಾರೆ. ಪಕ್ಕದ ಶೆಡ್ಡಿನಲ್ಲಿ ಕಾಂಡದ ಉದ್ದಕ್ಕೆ ತಕ್ಕಂತೆ ವಿಂಗಡಿಸಿ, ಮುಳ್ಳು ಸವರಿ, ಕಟ್ಟು ಕಟ್ಟಿ, ನೀರಿನ ಬಕೆಟ್ಟಿನಲ್ಲಿಟ್ಟು ತಂಪುಕೋಣೆಗೆ ಸಾಗಿಸುತ್ತಾರೆ. ಸಂಜೆಯ ಹೊತ್ತಿಗೆ ಬೋಲೆ ವಿಮಾನ ನಿಲ್ದಾಣ ಸೇರುವ ಹೂವು ಮರುದಿನ ಯುರೋಪಿನ ಮಾರುಕಟ್ಟೆಯಲ್ಲಿರುತ್ತದೆ. ಯಂತ್ರ ಮಾಡಲಾಗದ ಈ ನಾಜೂಕಿನ ಕೆಲಸಕ್ಕೆ ಪ್ರತಿ ಹೆಕ್ಟೇರಿಗೂ ವರ್ಷವಿಡೀ ಹತ್ತಾರು ಜನ ಬೇಕು.

ಹೂವು ಬೇರೂರಿದ್ದು ಹವಾಮಾನದಿಂದ ಮಾತ್ರವಲ್ಲ. ಸರ್ಕಾರಿ ಸ್ವಾಮ್ಯದ ಇಥಿಯೋಪಿಯಾ ಅಭಿವೃದ್ಧಿ ಬ್ಯಾಂಕ್ ದೀರ್ಘಾವಧಿ ಸಾಲ ನೀಡಿತು. ವಿಮಾನ ನಿಲ್ದಾಣಕ್ಕೆ ಹತ್ತಿರದಲ್ಲೇ ಭೂಮಿ ಗುತ್ತಿಗೆಗೆ ಸಿಕ್ಕಿತು. ದೇಶದ ಹೆಮ್ಮೆಯ ಇಥಿಯೋಪಿಯನ್ ಏರ್‌ಲೈನ್ಸ್ ಸರಕು ವಿಮಾನಗಳನ್ನೂ ಶೀತಲ ಗೋದಾಮನ್ನೂ ಒದಗಿಸಿತು. ವಿದೇಶಿ ಹೂಡಿಕೆದಾರರ ಜೊತೆ ಸ್ಥಳೀಯ ಉದ್ಯಮಿಗಳೂ ಈ ಕ್ಷೇತ್ರಕ್ಕೆ ಇಳಿದರು. ಬಂದರಿಲ್ಲದಿರುವುದು ಗಾರ್ಮೆಂಟ್ಸಿಗೆ ಶಾಪವಾದರೆ ಆಕಾಶಮಾರ್ಗವನ್ನೇ ನಂಬಿದ ಹೂವಿಗೆ ಅದು ತೊಡಕಾಗಲಿಲ್ಲ. ಇಲ್ಲೂ ದೋಷಗಳಿವೆ: ಕೂಲಿ ಕಡಿಮೆ, ಕೀಟನಾಶಕದ ಸಂಪರ್ಕದಿಂದ ಕೆಲಸಗಾರರ ಆರೋಗ್ಯಕ್ಕೆ ಅಪಾಯ, ಜಿವಾಯ್ ಸರೋವರದ ನೀರಿನ ಮೇಲೆ ಒತ್ತಡ. ಆದರೂ ನಾಡಿನ ಬ್ಯಾಂಕು, ನಾಡಿನ ವಿಮಾನ, ನಾಡಿನ ಮಣ್ಣು ಒಂದಕ್ಕೊಂದು ಬೆಸೆದುಕೊಂಡ ಉದ್ಯಮ ಸುಲಭವಾಗಿ ಎದ್ದುಹೋಗುವುದಿಲ್ಲ ಎಂಬುದನ್ನು ಹೂವು ತೋರಿಸಿಕೊಟ್ಟಿದೆ.

ಇದಕ್ಕೆ ವ್ಯತಿರಿಕ್ತವಾದ ಒಂದು ಉದಾಹರಣೆಗೆ ಕರ್ನಾಟಕದ ನಂಟಿದೆ. ಗುಲಾಬಿ ಬೆಳೆದು ಹೆಸರಾಗಿದ್ದ ಬೆಂಗಳೂರಿನ ಕರುಟೂರಿ ಗ್ಲೋಬಲ್ ಕಂಪನಿ ಇಥಿಯೋಪಿಯಾದ ಪಶ್ಚಿಮ ಅಂಚಿನ ಗಾಂಬೆಲಾ ಪ್ರಾಂತ್ಯದಲ್ಲಿ 1 ಲಕ್ಷ ಹೆಕ್ಟೇರ್ ಭೂಮಿಯನ್ನು ಗುತ್ತಿಗೆಗೆ ಪಡೆದು, ಭತ್ತ, ಮುಸುಕಿನ ಜೋಳ, ಕಬ್ಬು, ಎಣ್ಣೆತಾಳೆಯನ್ನು ಭಾರಿ ಪ್ರಮಾಣದಲ್ಲಿ ಬೆಳೆಯುವ ಯೋಜನೆ ಹಾಕಿತ್ತು. ಬಾರೋ ನದಿಯ ಪ್ರವಾಹ ಬೆಳೆಯನ್ನು ಮುಳುಗಿಸಿತು. ಸ್ಥಳೀಯರ ಭೂಮಿಯ ಹಕ್ಕಿನ ಕುರಿತು ಅಂತರರಾಷ್ಟ್ರೀಯ ಮಟ್ಟದಲ್ಲಿ ಆಕ್ಷೇಪಗಳು ಎದ್ದವು. ಗುತ್ತಿಗೆಯ ನೆಲದ ಅಲ್ಪ ಭಾಗದಲ್ಲಷ್ಟೇ ಕೃಷಿ ನಡೆದಿದೆ ಎಂಬ ಕಾರಣಕ್ಕೆ ಸರ್ಕಾರ ಒಪ್ಪಂದವನ್ನು ರದ್ದುಪಡಿಸಿತು. ಭೂಮಿಯ ವಿಸ್ತಾರದಿಂದ ಉದ್ಯೋಗ ತಾನಾಗಿ ಹುಟ್ಟುವುದಿಲ್ಲ. ನೆಲದ ಗುಣ, ನದಿಯ ಸ್ವಭಾವ ಮತ್ತು ಅಲ್ಲಿನ ಜನರ ಒಪ್ಪಿಗೆ ಈ ಮೂರೂ ಕೂಡಿ ಬರಬೇಕು.

ಕಲ್ಲು ಕಡಿದವರು, ಬೆಟ್ಟಕ್ಕೆ ಬದು ಕಟ್ಟಿದವರು

ಕಾರ್ಖಾನೆ ಬರುವವರೆಗೆ ಕಾಯಲಾಗದವರಿಗೆ ಸರ್ಕಾರ ನೇರವಾಗಿ ಕೊಡುವ ಕೆಲಸಕ್ಕೆ ಸಾರ್ವಜನಿಕ ಕಾಮಗಾರಿ ಎಂದು ಹೆಸರು. ಈ ವಿಷಯದಲ್ಲಿ ಇಥಿಯೋಪಿಯಾದ ಎರಡು ಪ್ರಯತ್ನಗಳು ವಿಶೇಷ ಗಮನಕ್ಕೆ ಅರ್ಹ. ಮೊದಲನೆಯದು ಪಟ್ಟಣಗಳ ಬೀದಿಗಳಿಗೆ ಡಾಂಬರಿನ ಬದಲು ಕಲ್ಲು ಹಾಸುವ ಯೋಜನೆ. ಡಾಂಬರು ಆಮದಾಗಬೇಕು, ಅದಕ್ಕೆ ಡಾಲರ್ ಬೇಕು, ದುಬಾರಿ ಯಂತ್ರ ಬೇಕು. ಕಲ್ಲಾದರೋ ದೇಶದ ಎತ್ತರದ ಪ್ರದೇಶಗಳಲ್ಲೆಲ್ಲ ಯಥೇಚ್ಛವಾಗಿದೆ. ಜರ್ಮನಿಯ ತಾಂತ್ರಿಕ ನೆರವಿನೊಂದಿಗೆ ಯುವಕ ಯುವತಿಯರಿಗೆ ಕಲ್ಲು ಕಡಿಯುವ, ಹಾಸುವ ತರಬೇತಿ ಕೊಟ್ಟು, ಅವರನ್ನು ಸಣ್ಣ ಸಣ್ಣ ಗುಂಪುಗಳಾಗಿ ಸಂಘಟಿಸಿ, ಪಟ್ಟಣ ಆಡಳಿತಗಳು ಆ ಗುಂಪುಗಳಿಗೇ ಗುತ್ತಿಗೆ ಕೊಟ್ಟವು. ಕಪ್ಪು ಶಿಲೆಯ ಬಂಡೆಯನ್ನು ಸುತ್ತಿಗೆ ಉಳಿಗಳಿಂದ ಸೀಳಿ, ಅಂಗೈಯಗಲದ ಚೌಕ ತುಂಡುಗಳನ್ನಾಗಿಸಿ, ಮರಳಿನ ಹಾಸಿನ ಮೇಲೆ ಒತ್ತೊತ್ತಾಗಿ ಜೋಡಿಸಿ, ಬಡಿದು ಕೂರಿಸುವ ಈ ಕೆಲಸದಲ್ಲಿ ಕಡಿದ ಕಲ್ಲಿನ ಲೆಕ್ಕಕ್ಕೆ ಕೂಲಿ. ಪದವೀಧರರೂ ಉಳಿ ಹಿಡಿದರು. ಅದು ಸಮಾಜದಲ್ಲಿ ಚರ್ಚೆಗೂ ಗ್ರಾಸವಾಯಿತು. ಮಳೆಗಾಲದಲ್ಲಿ ಕೆಸರಿನ ಹೊಂಡವಾಗುತ್ತಿದ್ದ ಬೀದಿಗಳಲ್ಲಿ ಜನ ಕಾಲೂರಿ ನಡೆಯುವಂತಾಯಿತು, ಸಾವಿರಾರು ಯುವಜನರ ಕೈಗೆ ಮೊದಲ ದುಡಿಮೆಯ ಜೊತೆ ಸಣ್ಣ ಬಂಡವಾಳವೂ ಬಂತು. ರಸ್ತೆಗೆ ಖರ್ಚಾದ ಹಣದಲ್ಲಿ ಹೊರದೇಶಕ್ಕೆ ಹರಿದುಹೋದದ್ದು ಕಡಿಮೆ, ಊರಿನ ಮನೆಗಳನ್ನು ಸೇರಿದ್ದು ಹೆಚ್ಚು.

ಎರಡನೆಯದು 2005ರಲ್ಲಿ ಗ್ರಾಮೀಣ ಪ್ರದೇಶಗಳಿಗಾಗಿ ಆರಂಭಿಸಿದ ಉತ್ಪಾದಕ ಸುರಕ್ಷಾ ಜಾಲ ಕಾರ್ಯಕ್ರಮ. ಭಾರತದಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಬಂದ ವರ್ಷವೂ ಅದೇ. ಪ್ರತಿ ವರ್ಷ ಬರಗಾಲ ಬಂದಾಗ ವಿದೇಶಿ ಗೋಧಿಗೆ ಕೈಚಾಚುವ ಬದಲು, ಸದಾ ಆಹಾರದ ಕೊರತೆ ಎದುರಿಸುವ ಕುಟುಂಬಗಳಿಗೆ ಮುಂಗಡವಾಗಿ ಕೆಲಸ ಕೊಟ್ಟು ಹಣವನ್ನೋ ಕಾಳನ್ನೋ ನೀಡುವುದು ಇದರ ಕ್ರಮ. ವೃದ್ಧರು, ದುಡಿಯಲಾಗದವರು ಕೆಲಸವಿಲ್ಲದೆಯೂ ನೆರವು ಪಡೆಯುತ್ತಾರೆ. 70-80 ಲಕ್ಷ ಜನರನ್ನು ತಲುಪಿದ ಈ ಕಾರ್ಯಕ್ರಮದಲ್ಲಿ ಜನರು ಬೆಟ್ಟದ ಇಳಿಜಾರಿಗೆ ಕಲ್ಲಿನ ಬದು ಕಟ್ಟಿದರು, ಮಣ್ಣು ಕೊಚ್ಚಿಹೋಗದಂತೆ ತಡೆದರು, ಸಸಿ ನೆಟ್ಟರು, ಹಳ್ಳಿಯ ರಸ್ತೆ ಮಾಡಿದರು. ಟಿಗ್ರಾಯ್ ಪ್ರಾಂತ್ಯದ ಬೋಳು ಬೆಟ್ಟಗಳು ಹಲವೆಡೆ ಮತ್ತೆ ಹಸಿರಾದವು. ಇದೇ ಮಾದರಿಯನ್ನು ಮುಂದೆ ಆಡಿಸ್ ಅಬಾಬ ಸೇರಿದಂತೆ 11 ನಗರಗಳಿಗೆ ವಿಸ್ತರಿಸಲಾಯಿತು. ಆಡಿಸ್ ಅಬಾಬದಲ್ಲಿ ನಡೆದ ಅಧ್ಯಯನವು ಒಂದು ಮಹತ್ವದ ಅಂಶವನ್ನು ಹೊರಗೆಡವಿತು: ಸರ್ಕಾರಿ ಕೂಲಿ ಕೆಲಸ ಸಿಕ್ಕಿದ್ದರಿಂದ ಬಡ ಬಡಾವಣೆಗಳ ಜನ ಖಾಸಗಿ ಕೂಲಿಗೆ ಮೊದಲಿನಷ್ಟು ಸಂಖ್ಯೆಯಲ್ಲಿ ಹೋಗಲಿಲ್ಲ, ಅದರ ಫಲವಾಗಿ ನಗರದ ಖಾಸಗಿ ಕೂಲಿಯ ದರವೂ ಏರಿತು. ಕಾರ್ಯಕ್ರಮಕ್ಕೆ ಸೇರದ ಬಡವರಿಗೂ ಅದರ ಲಾಭ ಮುಟ್ಟಿತು. ಸಾರ್ವಜನಿಕ ಕಾಮಗಾರಿ ದುಡ್ಡು ಪೋಲು ಮಾಡುವ ದಾರಿ ಎಂದು ಹೇಳುವವರು ಈ ಸಂಗತಿಯನ್ನು ಗಮನಿಸಬೇಕು.

ಕೆಲಸ ಹುಡುಕುವುದಕ್ಕೂ ಬಂಡವಾಳ ಬೇಕು

1990ರ ದಶಕದ ಆರಂಭದಲ್ಲಿ ಬೆರಳೆಣಿಕೆಯಷ್ಟಿದ್ದ ವಿಶ್ವವಿದ್ಯಾಲಯಗಳು ಇಂದು 40ನ್ನು ಮೀರಿವೆ. ಹಳ್ಳಿಯ ಮಕ್ಕಳಿಗೆ ಪದವಿ ಕೈಗೆಟುಕುವಂತಾದದ್ದು ದೊಡ್ಡ ಸಾಮಾಜಿಕ ಬದಲಾವಣೆ. ಆದರೆ ಬೋಧಕರ ಕೊರತೆಯ ನಡುವೆ ಅವಸರದಲ್ಲಿ ಬೆಳೆದ ಶಿಕ್ಷಣದ ಗುಣಮಟ್ಟ ಕುಸಿಯಿತು. ಪದವೀಧರರ ಸಂಖ್ಯೆ ಏರಿದ ವೇಗದಲ್ಲಿ ಅವರಿಗೆ ತಕ್ಕ ಕೆಲಸಗಳು ಏರಲಿಲ್ಲ. ಆಡಿಸ್ ಅಬಾಬದಲ್ಲಿ ಖಾಲಿ ಹುದ್ದೆಗಳ ಪ್ರಕಟಣೆಗಳನ್ನು ನಗರದ ಮಧ್ಯಭಾಗದ ಫಲಕಗಳಿಗೆ ಅಂಟಿಸುವ ರೂಢಿಯಿದೆ. ಬಾಡಿಗೆ ಕಡಿಮೆಯಿರುವ ಹೊರವಲಯದಲ್ಲಿ ವಾಸಿಸುವ ಬಡ ಯುವಜನರು ಆ ಫಲಕ ನೋಡಲು ಮಿನಿಬಸ್ಸಿಗೆ ದುಡ್ಡು ಕೊಟ್ಟು ಬರಬೇಕು, ಅರ್ಜಿ ಕೊಡಲು ಮತ್ತೊಮ್ಮೆ, ಸಂದರ್ಶನಕ್ಕೆ ಇನ್ನೊಮ್ಮೆ ಬರಬೇಕು. ಕೈಯಲ್ಲಿದ್ದ ಹಣ ಮುಗಿದ ದಿನ ಹುಡುಕಾಟವೂ ನಿಲ್ಲುತ್ತದೆ.

ಅರ್ಥಶಾಸ್ತ್ರಜ್ಞರ ತಂಡವೊಂದು ಈ ನಗರದ ಸುಮಾರು 3 ಸಾವಿರ ಯುವಜನರ ನಡುವೆ ಎರಡು ಬಗೆಯ ನೆರವನ್ನು ಪರೀಕ್ಷಿಸಿತು. ಒಂದು ಗುಂಪಿಗೆ ಬಸ್ ಖರ್ಚು ಕೊಡಲಾಯಿತು. ಇನ್ನೊಂದು ಗುಂಪಿಗೆ ಅರ್ಜಿ ಬರೆಯುವುದನ್ನೂ ಸಂದರ್ಶನ ಎದುರಿಸುವುದನ್ನೂ ಕಲಿಸಿ, ಸಾಮರ್ಥ್ಯ ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡಲಾಯಿತು. ಬಸ್ ಖರ್ಚಿನಿಂದ ಆದ ಲಾಭ ಬೇಗ ಕರಗಿತು; ಕಾರ್ಯಾಗಾರಕ್ಕೆ ಹೋದವರ ಆದಾಯ ನಾಲ್ಕು ವರ್ಷಗಳ ನಂತರವೂ ಉಳಿದವರಿಗಿಂತ ಗಮನಾರ್ಹವಾಗಿ ಹೆಚ್ಚಿತ್ತು. ಪ್ರತಿಭೆ ಇದ್ದರೂ ಅದನ್ನು ತೋರಿಸುವ ದಾಖಲೆ ಇಲ್ಲದವರಿಗೆ, ಪ್ರಭಾವಿಗಳ ಪರಿಚಯವಿಲ್ಲದವರಿಗೆ ಒಂದು ನಂಬಲರ್ಹ ಪ್ರಮಾಣಪತ್ರ ಎಷ್ಟು ನೆರವಾಗಬಲ್ಲುದು ಎಂಬುದಕ್ಕೆ ಇದು ಸಾಕ್ಷಿ.

ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಸ್ಟೀಫನ್ ಡೆರ್ಕಾನ್ ಎಂಬ ಅರ್ಥಶಾಸ್ತ್ರಜ್ಞರು ಐದು ಕಾರ್ಖಾನೆ ಮತ್ತು ತೋಟಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದ ಸುಮಾರು 1 ಸಾವಿರ ಜನರನ್ನು ಚೀಟಿ ಎತ್ತಿ ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ ಇನ್ನೂ ಕಟುವಾದ ಫಲಿತಾಂಶ ನೀಡಿತು. ಒಂದು ಗುಂಪಿಗೆ ಕಾರ್ಖಾನೆಯ ಕೆಲಸ, ಇನ್ನೊಂದಕ್ಕೆ ಸುಮಾರು 300 ಡಾಲರಿನ ಅನುದಾನ ಮತ್ತು ವ್ಯಾಪಾರದ ತರಬೇತಿ ದೊರೆಯಿತು. ಮೂರನೆಯದಕ್ಕೆ ಏನೂ ಇಲ್ಲ. ಕಾರ್ಖಾನೆ ಸೇರಿದವರಲ್ಲಿ ಹೆಚ್ಚಿನವರು ವರ್ಷದೊಳಗೆ ಬಿಟ್ಟರು. ಅವರ ಆದಾಯ ಏನೂ ಪಡೆಯದವರಿಗಿಂತ ಮೇಲಾಗಲಿಲ್ಲ, ಆರೋಗ್ಯದ ತೊಂದರೆಗಳು ಮಾತ್ರ ಹೆಚ್ಚಿದವು. ಅನುದಾನ ಪಡೆದವರ ಆದಾಯ ಮೊದಲ ವರ್ಷ ಮೂರನೆಯ ಒಂದು ಭಾಗದಷ್ಟು ಏರಿತು. ಆದರೆ ಐದು ವರ್ಷಗಳ ನಂತರ ನೋಡಿದಾಗ ಮೂರೂ ಗುಂಪುಗಳ ನಡುವಿನ ಅಂತರ ಬಹುತೇಕ ಅಳಿಸಿಹೋಗಿತ್ತು. ಕಡಿಮೆ ಕೂಲಿಯ ಕಾರ್ಖಾನೆಯಾಗಲಿ ಒಂದು ಬಾರಿಯ ಅನುದಾನವಾಗಲಿ ಒಂಟಿಯಾಗಿ ಬಡತನದ ದಾರಿಯನ್ನು ಶಾಶ್ವತವಾಗಿ ತಿರುಗಿಸಲಾರದು ಎಂಬುದು ಇದರ ತಾತ್ಪರ್ಯ.

ದೇಶದಲ್ಲಿ ಉಳಿಯುವಂಥ ಕೆಲಸ ಕಾಣದವರು ದೇಶವನ್ನೇ ಬಿಡುತ್ತಾರೆ. ಸೌದಿ ಅರೇಬಿಯಾ, ಲೆಬನಾನ್ ಮುಂತಾದೆಡೆ ಮನೆಗೆಲಸಕ್ಕೆ ಹೋಗುವ ಇಥಿಯೋಪಿಯಾದ ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದು; ದೋಣಿಯಲ್ಲಿ ಕೊಲ್ಲಿ ದಾಟಿ ಯುದ್ಧಪೀಡಿತ ಯೆಮನ್ ಮೂಲಕ ಸಾಗುವವರು ಪ್ರಾಣವನ್ನೇ ಪಣಕ್ಕಿಡುತ್ತಾರೆ. 2013-14ರಲ್ಲಿ ಸೌದಿ ಅರೇಬಿಯಾ ಕೆಲವೇ ತಿಂಗಳಲ್ಲಿ 1 ಲಕ್ಷ 60 ಸಾವಿರಕ್ಕೂ ಹೆಚ್ಚು ಇಥಿಯೋಪಿಯನ್ನರನ್ನು ವಾಪಸು ಕಳಿಸಿತು. ಅವರಲ್ಲಿ ಎಷ್ಟೋ ಮಂದಿ ಮತ್ತೆ ಅದೇ ದಾರಿ ಹಿಡಿದರು.

ಮುಂದಿನ ದಾರಿ

2018ರಲ್ಲಿ ಸರ್ಕಾರ ಉದ್ಯೋಗ ಸೃಷ್ಟಿ ಆಯೋಗವನ್ನು ಸ್ಥಾಪಿಸಿ, 2025ರೊಳಗೆ 1 ಕೋಟಿ 40 ಲಕ್ಷ ಉದ್ಯೋಗ ಸೃಷ್ಟಿಸುವ ಗುರಿ ಘೋಷಿಸಿತು. ಬಳಿಕ ಅದರ ಹೊಣೆ ಕಾರ್ಮಿಕ ಮತ್ತು ಕೌಶಲ ಸಚಿವಾಲಯಕ್ಕೆ ಹೋಯಿತು. 2023ರ ಡಿಸೆಂಬರಿನಲ್ಲಿ ವಿದೇಶಿ ಬಾಂಡಿನ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿದ ದೇಶ, 2024ರ ಜುಲೈನಲ್ಲಿ ತನ್ನ ನಾಣ್ಯವಾದ ಬಿರ್‌ನ ಮೌಲ್ಯವನ್ನು ಮಾರುಕಟ್ಟೆಗೆ ಬಿಟ್ಟು, ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 340 ಕೋಟಿ ಡಾಲರ್ ನೆರವಿಗೆ ಮಂಜೂರಾತಿ ಪಡೆಯಿತು. ಬಿರ್ ಅಗ್ಗವಾದದ್ದರಿಂದ ಕಾಫಿ, ಹೂವು ಮಾರುವವರಿಗೆ ಲಾಭ. ಡಾಲರ್ ಇಲ್ಲದೆ ಬಿಡಿಭಾಗ ತರಿಸಲಾಗದೆ ನಿಂತಿದ್ದ ಕಾರ್ಖಾನೆಗಳಿಗೆ ಉಸಿರು. ಆದರೆ ಎಣ್ಣೆ, ಗೊಬ್ಬರ, ಔಷಧಿಯ ಬೆಲೆ ಏರಿದಾಗ ಮೊದಲು ನಲುಗುವುದು ಕೂಲಿಯ ಕುಟುಂಬ. ಸುಧಾರಣೆಯ ಭಾರವನ್ನು ಬಡವರೇ ಹೊರುವಂತಾದರೆ ಅದು ಬಾಳುವುದಿಲ್ಲ.

ಇಥಿಯೋಪಿಯಾದ ಅನುಭವ ಅಭಿವೃದ್ಧಿಶೀಲ ದೇಶಗಳಿಗೆಲ್ಲ ಹೇಳುವ ಮಾತುಗಳು ಸ್ಪಷ್ಟವಾಗಿವೆ. ಅಗ್ಗದ ಕೂಲಿಯನ್ನೇ ದೇಶದ ಆಸ್ತಿಯೆಂದು ಮಾರಾಟಕ್ಕಿಡುವ ನೀತಿ ಕೆಲಸಗಾರರನ್ನೂ ಉಳಿಸಿಕೊಳ್ಳುವುದಿಲ್ಲ, ಕಂಪನಿಗಳನ್ನೂ ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಬದುಕಲು ಸಾಕಾಗುವ ಕನಿಷ್ಠ ವೇತನ ಮತ್ತು ಕಾರ್ಖಾನೆಯ ಬಳಿಯಲ್ಲೇ ವಸತಿ ಉದ್ಯೋಗ ನೀತಿಯ ಮೊದಲ ಅಂಗವಾಗಬೇಕು. ಊರಿನ ಕಚ್ಚಾವಸ್ತುವಿಗೆ, ಊರಿನ ಸಾಲಕ್ಕೆ, ಊರಿನ ಉದ್ಯಮಿಗೆ ಬೆಸೆದ ಕೈಗಾರಿಕೆಗೆ ಆದ್ಯತೆ ಸಿಗಬೇಕು. ಕಲ್ಲು ಹಾಸುವ, ಬದು ಕಟ್ಟುವ ಸಾರ್ವಜನಿಕ ಕೆಲಸವನ್ನು ದಾನವೆಂದು ಕಾಣದೆ ಹೂಡಿಕೆಯೆಂದು ಕಾಣಬೇಕು. ಕೆಲಸ ಹುಡುಕುವ ಬಡ ಯುವಜನರಿಗೆ ಮಾಹಿತಿ ಮತ್ತು ಪ್ರಮಾಣಪತ್ರದ ನೆರವು ಸಿಗಬೇಕು. ಇವೆಲ್ಲಕ್ಕೂ ಮೊದಲು ನಾಡಿನಲ್ಲಿ ಶಾಂತಿ ನೆಲೆಸಬೇಕು. ಹತ್ತು ವರ್ಷ ಬೆವರು ಸುರಿಸಿ ಕಟ್ಟಿದ ಉದ್ಯೋಗವನ್ನು ಎರಡು ವರ್ಷದ ಯುದ್ಧ ನುಂಗಿಹಾಕಿದ್ದನ್ನು ಇಥಿಯೋಪಿಯಾ ಕಂಡಿದೆ. ಉದ್ಯೋಗ ಸೃಷ್ಟಿಯ ಘೋಷಣೆ ಮಾಡುವ ಯಾವುದೇ ಸರ್ಕಾರವನ್ನು ಅದರ ಪ್ರಜೆಗಳು ಎಷ್ಟು ಲಕ್ಷ ಕೆಲಸ ಎಂದು ಕೇಳಿ ಸುಮ್ಮನಾಗಬಾರದು. ಆ ಕೆಲಸದಲ್ಲಿ ಐದು ವರ್ಷಗಳ ನಂತರ ಎಷ್ಟು ಜನ ಉಳಿದಿರುತ್ತಾರೆ, ಉಳಿದವರು ಘನತೆಯಿಂದ ಬಾಳುತ್ತಿರುತ್ತಾರೆಯೇ ಎಂದೂ ಕೇಳಬೇಕು.